ಉಲ್ಟಣ್ಣನ ಮುಖಬೆಲೆ

ನಮ್ಮ ಬೀದಿಯಲ್ಲಿ ಮುಖ ಇರುವವರು ಬೇಕಾದಷ್ಟು ಜನ ಇದ್ದಾರೆ. ಮುಖಬೆಲೆ ಇದ್ದವನು ಉಲ್ಟಣ್ಣ ಒಬ್ಬನೇ. ಅದೂ ಕೆಲವೇ ವಾರ. ಆ ಕೆಲವು ವಾರಗಳ ಚರಿತ್ರೆ ಬರೆಯುವ ಭಾರ ಎದುರು ಮನೆಯವನಾದ ನನ್ನ ಮೇಲೆ ಬಿದ್ದಿದೆ. ಬೇರೆಯವರು ಬರೆದರೆ ಉಪ್ಪುಖಾರ ಹಚ್ಚುತ್ತಾರೆ. ನಾನೂ ಹಚ್ಚುತ್ತೇನೆ, ಆದರೆ ರುಚಿಗೆ ತಕ್ಕಷ್ಟು.

ಉಲ್ಟಣ್ಣನದು ರಬ್ಬರ್ ಸ್ಟಾಂಪಿನ ಅಂಗಡಿ. ಸ್ಟಾಂಪಿನಲ್ಲಿ ಅಕ್ಷರವನ್ನು ಉಲ್ಟಾ ಕೊರೆದರೆ ಕಾಗದದ ಮೇಲೆ ಸರಿಯಾಗಿ ಬೀಳುತ್ತದೆ. ಈ ಸತ್ಯವನ್ನು ಅವನು ಸಂಜೆ ಅಂಗಡಿಗೆ ಬೀಗ ಹಾಕುವಾಗ ಒಳಗೇ ಬಿಟ್ಟು ಬಂದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಮನೆಗೂ ತರುತ್ತಿದ್ದ. 'ಎಳೆಯಿರಿ' ಎಂದು ಬರೆದ ಬಾಗಿಲನ್ನು ತಳ್ಳುತ್ತಿದ್ದ. ಅಂಗಿಯ ಹೊಲಿಗೆ ಹೊರಗೆ ಕಾಣುತ್ತಿತ್ತು. ಆಸ್ಪತ್ರೆಯಲ್ಲಿ ಮಲಗಿದ್ದ ನಮ್ಮ ದೊಡ್ಡಪ್ಪನನ್ನು ನೋಡಲು ಬಂದವನು, ಹೊರಡುವಾಗ ಅವರ ಎರಡೂ ಕೈ ಹಿಡಿದು, ಬಲು ಪ್ರೀತಿಯಿಂದ, "ಹೋಗಿ ಬನ್ನಿ" ಎಂದ. ದೊಡ್ಡಪ್ಪ ಹೋದರು. ಬರಲಿಲ್ಲ.

ಇಂಥವನಿಗೆ ಒಂದೇ ಒಂದು ಆಸೆ ಇತ್ತು. ಅವನ ತಂಗಿಗೆ ಮದುವೆಯಾಗಿ ಬಹಳ ವರ್ಷಗಳ ಮೇಲೆ ಹೆಣ್ಣುಮಗು ಹುಟ್ಟಿತ್ತು. ಚರ್ಚಿನಲ್ಲಿ ಮಗುವಿಗೆ ಜ್ಞಾನಸ್ನಾನ ಮಾಡಿಸುವ ದಿನ, ಅದನ್ನು ಎತ್ತಿಕೊಂಡು ನಿಂತು, ಅದರ ಪರವಾಗಿ ಫಾದರ್ ಕೇಳುವ ಪ್ರಶ್ನೆಗೆಲ್ಲ ಉತ್ತರ ಹೇಳುವ ಜ್ಞಾನತಂದೆ ತಾನಾಗಬೇಕು ಎಂಬುದೇ ಆ ಆಸೆ. ಅಪ್ಪ ಅಮ್ಮ ಬೇಗ ತೀರಿಕೊಂಡದ್ದರಿಂದ ತಂಗಿಯ ತಲೆ ಬಾಚಿ ಸ್ಕೂಲಿಗೆ ಕಳಿಸಿದವನು ಅವನೇ. ಬೈತಲೆ ಯಾವತ್ತೂ ನೆಟ್ಟಗೆ ಬಂದಿರಲಿಲ್ಲ, ಆದರೆ ಬಾಚುವುದು ಒಂದು ದಿನವೂ ತಪ್ಪಿರಲಿಲ್ಲ. ಅಂಥ ತಂಗಿಯ ಮಗು ಅದು. ಅವನ ಆಸೆಯಲ್ಲಿ ತಪ್ಪೇನೂ ಇರಲಿಲ್ಲ.

ತಪ್ಪು ಕಂಡದ್ದು ತಂಗಿಯ ಗಂಡನಿಗೆ. ಆತ ಲಿಫ್ಟ್‌ಗಳನ್ನು ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರು. ಯಾರು ಎದುರಿಗೆ ಬಂದರೂ ಒಮ್ಮೆ ಕೆಳಗಿನಿಂದ ಮೇಲಕ್ಕೆ, ಒಮ್ಮೆ ಮೇಲಿನಿಂದ ಕೆಳಕ್ಕೆ ನೋಡಿ, ಇವರ ಮೇಲೆ ಎಷ್ಟು ಭಾರ ಹಾಕಬಹುದು ಎಂದು ತೀರ್ಮಾನ ಮಾಡಿಬಿಡುತ್ತಿದ್ದ.

"ಜ್ಞಾನತಂದೆ ಅಂದ್ಮೇಲೆ ಒಂಚೂರಾದ್ರೂ ಜ್ಞಾನ ಬೇಡ್ವೇನೇ?" ಎಂದ ಆತ ಹೆಂಡತಿಗೆ. "ನಮ್ಮಣ್ಣ ಇದಾನೆ, ಡೆಂಟಿಸ್ಟು. ಊರಿಗೆ ಊರೇ ಅವನ ಮುಂದೆ ಬಾಯಿ ಬಿಡುತ್ತೆ. ನಿಮ್ಮಣ್ಣ ಬಾಯಿ ಬಿಟ್ರೆ ಏನು ಹೊರಗೆ ಬರುತ್ತೆ ಅಂತ ನಿನಗೂ ಗೊತ್ತು, ನನಗೂ ಗೊತ್ತು."

"ಮೆಲ್ಲಗೆ ಮಾತಾಡ್ರೀ, ಅಡುಗೆಮನೇಲಿದಾನೆ ಅವನು," ಎಂದಳು ತಂಗಿ.

ಅಡುಗೆಮನೆಯಲ್ಲಿ ಮಗುವಿನ ಹಾಲಿನ ಬಾಟಲಿ ತೊಳೆಯುತ್ತಿದ್ದ ಉಲ್ಟಣ್ಣನಿಗೆ ಅಷ್ಟೂ ಕೇಳಿಸಿತು. ಬಾಟಲಿಯನ್ನು ಮೂರು ಸಲ ತೊಳೆದು, ಯಾರಿಗೂ ಹೇಳದೆ ಹಿತ್ತಿಲ ಬಾಗಿಲಿನಿಂದ ಹೊರಟುಬಿಟ್ಟ. ಅವನಿಗೆ ತುಂಬ ನೋವಾಗಿತ್ತು. ಆ ವಾರ ಅವನು ಕೊರೆದ ಸ್ಟಾಂಪುಗಳಲ್ಲಿ ಒಂದೂ ತಪ್ಪಿರಲಿಲ್ಲ ಎಂದರೆ ನೀವೇ ಊಹಿಸಿ, ಎಷ್ಟು ನೋವಾಗಿರಬೇಕು.

ಇಂಥ ಹೊತ್ತಿನಲ್ಲಿ ಆ ನಾಣ್ಯ ಬಂತು.

ಹಿಂದಿನ ವರ್ಷ ನಮ್ಮೂರಿನಲ್ಲಿ ಕೆಥೋಲಿಕ ಯುವಜನರ ಮಹಾಸಮಾವೇಶ ನಡೆದಿತ್ತು. ಲೋಕದ ಮೂಲೆ ಮೂಲೆಯಿಂದ ಹುಡುಗ ಹುಡುಗಿಯರು ಬೆನ್ನಿಗೊಂದು ಚೀಲ ಹಾಕಿಕೊಂಡು ಬಂದು, ಬೀದಿಯಲ್ಲಿ ಹಾಡಿ, ಮೈದಾನದಲ್ಲಿ ಮಲಗಿ, ಊರಿನ ನಲ್ಲಿಗಳನ್ನೆಲ್ಲ ಬರಿದು ಮಾಡಿ ಹೋಗಿದ್ದರು. ಅದರ ನೆನಪಿಗೆ ಸರ್ಕಾರದವರು ಹೊಸದೊಂದು ಎರಡರ ನಾಣ್ಯ ಬಿಡುಗಡೆ ಮಾಡಿದರು. ಒಂದು ಕಡೆ ಎರಡು ಎಂಬ ಅಂಕಿ. ಇನ್ನೊಂದು ಕಡೆ ಶಿಲುಬೆ, ಅದರ ಪಕ್ಕದಲ್ಲಿ ಆಕಾಶದ ಕಡೆ ಮುಖ ಎತ್ತಿ ನಿಂತ ಒಬ್ಬ ಯಾತ್ರಿಕ.

ಅದನ್ನು ಮೊದಲು ಕಂಡುಹಿಡಿದವನು ನಮ್ಮ ಬೀದಿಯ ಸಲೂನಿನವನು. ಉಲ್ಟಣ್ಣನ ಕೆನ್ನೆಗೆ ನೊರೆ ಹಚ್ಚಿದ್ದ, ಯಾರೋ ಕೊಟ್ಟುಹೋದ ನಾಣ್ಯ ಕನ್ನಡಿಯ ಮುಂದೆ ಬಿದ್ದಿತ್ತು. ಸಲೂನಿನವನು ನಾಣ್ಯ ನೋಡಿದ. ಉಲ್ಟಣ್ಣನನ್ನು ನೋಡಿದ. ಕತ್ತಿ ಕೆಳಗಿಟ್ಟ.

"ಅಣ್ಣಾ, ಸ್ವಲ್ಪ ಮೇಲೆ ನೋಡಿ."

ಉಲ್ಟಣ್ಣ ಅಭ್ಯಾಸಬಲದಿಂದ ಮೊದಲು ಕೆಳಗೆ ನೋಡಿ, ಆಮೇಲೆ ಮೇಲೆ ನೋಡಿದ.

"ಇದು ನಿಮ್ಮ ಮೂಗೇ!" ಎಂದು ಸಲೂನಿನವನು ಕೂಗಿದ. "ಇಷ್ಟು ವರ್ಷ ಈ ಮೂಗಿನ ಸುತ್ತ ಕತ್ತಿ ಆಡಿಸಿದೀನಿ, ನನಗೆ ಗೊತ್ತಾಗಲ್ವಾ? ಇಲ್ನೋಡಿ, ಕೆನ್ನೆ ಮೇಲೆ ಮಚ್ಚೆ! ಚುಕ್ಕಿ ಇಟ್ಟ ಹಾಗಿದೆ!"

ಕಾಯುತ್ತ ಕುಳಿತಿದ್ದ ನಾವೆಲ್ಲ ಎದ್ದು ಬಂದೆವು. ನಾಣ್ಯ ಕೈಯಿಂದ ಕೈಗೆ ಹೋಯಿತು. ನಿಜ ಹೇಳಬೇಕೆಂದರೆ ಮೂಗು ಹೌದು ಅನ್ನಿಸುವಂತಿತ್ತು. ಉಗುರಿನಷ್ಟು ಜಾಗದಲ್ಲಿ ಕೆತ್ತಿದ ಮೂಗು ಯಾರದೂ ಆಗಬಹುದು ಎಂಬ ವಿವೇಕ ಆ ಹೊತ್ತಿನಲ್ಲಿ ಯಾರಿಗೂ ಬರಲಿಲ್ಲ.

"ನೀವು ಆ ಸಮಾವೇಶಕ್ಕೆ ಹೋಗಿದ್ರಲ್ವಾ?" ಎಂದು ನಾನೇ ಕೇಳಿದೆ. ಈ ಪಾಪದಲ್ಲಿ ನನ್ನದೂ ಒಂದು ಪಾಲಿದೆ.

ಹೋಗಿದ್ದ. ಯಾತ್ರಿಕರ ಪಾಸುಗಳಿಗೆ ಹಾಕುವ 'ಯುವ ಯಾತ್ರಿಕ' ಎಂಬ ಸ್ಟಾಂಪು ಕೊರೆದುಕೊಟ್ಟವನು ಅವನೇ. ತಲುಪಿಸಲು ಹೋದಾಗ ಗೇಟಿನವರು ಸ್ಟಾಂಪು ಚೆನ್ನಾಗಿ ಬೀಳುತ್ತದೋ ಇಲ್ಲವೋ ಎಂದು ಅವನ ಕೈ ಮೇಲೇ ಒತ್ತಿ ನೋಡಿದ್ದರು. ಹೀಗೆ ನಲವತ್ತು ದಾಟಿದ ಮೇಲೆ ಉಲ್ಟಣ್ಣ ಅಧಿಕೃತವಾಗಿ ಯುವಕನಾಗಿ ಒಳಗೆ ಹೋಗಿದ್ದ. ಮೇಲೆ ಹೆಲಿಕಾಪ್ಟರ್ ಹೋದಾಗ ಬಾಯಿ ತೆರೆದು ನೋಡಿದ್ದ. ಎದುರಿಗೆ ಯಾರೋ ಫೋಟೋ ತೆಗೆದಿದ್ದರು.

"ಮುಗೀತು! ಆ ಫೋಟೋ ನೋಡಿಯೇ ಕೆತ್ತಿರೋದು," ಎಂದ ಸಲೂನಿನವನು.

ಮೂಲೆಯಲ್ಲಿ ಕೂತಿದ್ದ ಪೇಪರ್ ಏಜೆಂಟ್ ಮಾತ್ರ ಒಪ್ಪಲಿಲ್ಲ. "ತಡೀರಿ. ಇವರ ಮಚ್ಚೆ ಇರೋದು ಬಲಗೆನ್ನೇಲಿ. ನಾಣ್ಯದಲ್ಲಿ ಕಾಣ್ತಿರೋದು ಎಡಗೆನ್ನೆ. ಹೇಗೆ ಸರಿಹೋಗುತ್ತೆ?"

ಎಲ್ಲರೂ ತಣ್ಣಗಾದೆವು. ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಏಜೆಂಟನ ಮಾತು ತಾಗಿದ್ದು ಉಲ್ಟಣ್ಣನ ಕಸುಬಿಗೆ. ಮೂಗಿನ ವಿಷಯದಲ್ಲಿ ತೆಪ್ಪಗಿದ್ದವನು ಕಸುಬಿನ ವಿಷಯದಲ್ಲಿ ತೆಪ್ಪಗಿರಲಾರದೆ, ಮುಖದ ತುಂಬ ನೊರೆ ಇಟ್ಟುಕೊಂಡೇ ಹೇಳಿದ:

"ಅಚ್ಚಿನಲ್ಲಿ ಬಲ ಎಡ ಆಗುತ್ತೆ, ಎಡ ಬಲ ಆಗುತ್ತೆ. ಇಷ್ಟೂ ಗೊತ್ತಿಲ್ವಾ? ಮಚ್ಚೆ ಬಲಗಡೆಯೇ ಬಂದಿದ್ರೆ ಅದು ನಾನಲ್ಲ ಅಂತ ಹೇಳಬಹುದಿತ್ತು."

ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? "ಹಾಗಾದ್ರೆ ಇದು ನೀವೇ!" ಎಂದೆವು ನಾವು ಒಕ್ಕೊರಲಿನಿಂದ.

"ಹಾಗೇನಿಲ್ಲ," ಎಂದ ಉಲ್ಟಣ್ಣ, ನಗುತ್ತ.

ಗಮನಿಸಬೇಕು. ಅವನು ಹೌದು ಎನ್ನಲಿಲ್ಲ. ಆದರೆ ನಮ್ಮ ಭಾಷೆಯಲ್ಲಿ 'ಹಾಗೇನಿಲ್ಲ' ಎಂಬ ಮಾತಿಗೆ ಸಣ್ಣ ನಗು ಸೇರಿಸಿದರೆ 'ಹೌದು, ಇನ್ನೂ ಸ್ವಲ್ಪ ಹೇಳಿ' ಎಂದು ಅರ್ಥ. ಹೇಳುವವರು ಹೇಳಿದರು. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ ಹಬ್ಬಿತು. ತರಕಾರಿಯವಳು ಆ ನಾಣ್ಯವನ್ನು ಚಿಲ್ಲರೆಯಾಗಿ ಕೊಡುವುದನ್ನು ನಿಲ್ಲಿಸಿದಳು. ಲಾಂಡ್ರಿಯವನು ಅದನ್ನು ಗಲ್ಲಾದ ಮೇಲೆ ಅಂಟಿಸಿ ಹೂವಿಟ್ಟ. ಉಲ್ಟಣ್ಣ ಕೆಮ್ಮಿದರೆ ನೀರು ತಂದುಕೊಡಲು ನಾಲ್ಕು ಜನ ಓಡಿದರು.

ತಣ್ಣಗಿದ್ದವಳು ಅವನ ಹೆಂಡತಿ ಒಬ್ಬಳೇ. ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಮನೇಲಿ ಇರೋ ಮುಖಾನೇ ನೋಡಿ ನೋಡಿ ಸಾಕಾಗಿದೆ, ಇನ್ನು ಪರ್ಸಲ್ಲೂ ಬಂತಾ?" ಎಂದಳು.

ವಿಷಯ ಅವನ ಮಾವನ ಕಿವಿಗೆ ಬಿದ್ದಾಗ ಅದಕ್ಕೆ ಕಾನೂನಿನ ಬಣ್ಣ ಬಂತು. ಮಾವ ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರಾಗಿ ನಿವೃತ್ತರಾದವರು. ಲೋಕದಲ್ಲಿ ಯಾರೂ ಪುಕ್ಕಟೆ ಪ್ರಯಾಣ ಮಾಡಬಾರದು ಎಂಬುದು ಅವರ ಜೀವನದ ಸಿದ್ಧಾಂತ. ಅವರು ನಾಣ್ಯ ಬಿಡುಗಡೆಯ ಸುದ್ದಿ ಬಂದಿದ್ದ ಹಳೆಯ ಪತ್ರಿಕೆ ಹಿಡಿದುಕೊಂಡೇ ಬಂದರು.

"ಅಳಿಯಂದ್ರೇ, ಓದಿ ಇದನ್ನ. ಜೋರಾಗಿ ಓದಿ."

"'ಈ ನಾಣ್ಯದ ಮುಖಬೆಲೆ ಎರಡು...'"

"ಸಾಕು! ಏನಂತ ಬರೆದಿದೆ? ಮುಖಬೆಲೆ! ಮುಖಬೆಲೆ ಅಂದ್ರೇನು? ಮುಖಕ್ಕೆ ಕೊಡೋ ಬೆಲೆ! ಅವರೇ ಅಚ್ಚು ಹಾಕಿಸಿ ಒಪ್ಕೊಂಡಿದಾರೆ. ಒಂದು ನಾಣ್ಯಕ್ಕೆ ಎರಡರಂತೆ ನಿಮ್ಮ ಮುಖಕ್ಕೆ ಬೆಲೆ ಕಟ್ಟಿ ಆಗಿದೆ. ಕೊಟ್ರಾ?"

"ಇಲ್ಲ ಮಾವ."

"ಕೇಳಿದ್ರಾ?"

"ಇಲ್ಲ ಮಾವ."

"ಕೇಳದೆ ಇದ್ರೆ ಹೆತ್ತ ತಾಯೀನೂ ಬಡಿಸಲ್ಲ! ನಡೀರಿ ಬ್ಯಾಂಕಿಗೆ."

"ಅಪ್ಪಾ, ಮುಖಬೆಲೆ ಅಂದ್ರೆ ಅದಲ್ಲ..." ಎಂದು ಮಗಳು ಬಾಯಿ ಹಾಕಿದಳು. "ನೀನು ಸುಮ್ನಿರು, ನಿನಗೆ ವ್ಯಾಕರಣ ಗೊತ್ತಿಲ್ಲ," ಎಂದು ಮಾವ ಅಳಿಯನ ತೋಳು ಹಿಡಿದು ಎಬ್ಬಿಸಿದರು.

ನಾಣ್ಯಗಳ ವ್ಯವಹಾರ ನೋಡುವ ದೊಡ್ಡ ಬ್ಯಾಂಕಿನ ಬಾಗಿಲಿನಲ್ಲಿ ವಿಧಿ ಮಾವನಿಗಾಗಿ ಕಾದಿತ್ತು. ಅಲ್ಲಿನ ಕಾವಲಿನವನು ಕೈ ಅಡ್ಡ ಹಿಡಿದು, "ಟೋಕನ್ ಎಲ್ಲಿ? ಒಬ್ಬರಿಗೊಂದು ಟೋಕನ್. ಇಲ್ದಿದ್ರೆ ಒಳಗೆ ಬಿಡಲ್ಲ," ಎಂದ. ಬದುಕೆಲ್ಲ ಬೇರೆಯವರನ್ನು ಟಿಕೆಟ್ ಕೇಳಿದವರನ್ನು ಒಬ್ಬ ಟೋಕನ್ ಕೇಳಿಬಿಟ್ಟ! ಮಾವ ಅಲ್ಲೇ ಕಾಲೂರಿ ನಿಂತು ವಾದಕ್ಕೆ ಇಳಿದರು. ಇದ್ದ ಒಂದು ಟೋಕನ್ ಹಿಡಿದು ಉಲ್ಟಣ್ಣ ಒಬ್ಬನೇ ಒಳಗೆ ಹೋದ. ಒಳಗೆ ನಡೆದದ್ದು ಅವನೇ ಆಮೇಲೆ ನನಗೆ ಹೇಳಿದ್ದು.

ನಾಣ್ಯ ವಿಭಾಗದ ಮೇಜಿನ ಹಿಂದೆ ಒಬ್ಬ ಮಹಿಳಾ ಅಧಿಕಾರಿ ಕುಳಿತಿದ್ದರು. ಮೇಜಿನ ಮೇಲೆ ಭೂತಗನ್ನಡಿ, ಹಸಿರು ಬಟ್ಟೆ, ಒಂದು ಲೋಟ ಬಿಸಿನೀರು.

"ಏನಾಗ್ಬೇಕಿತ್ತು?"

"ಮುಖಬೆಲೆ ವಿಷಯ ಮೇಡಂ," ಎಂದು ಉಲ್ಟಣ್ಣ ನಾಣ್ಯವನ್ನು ಹಸಿರು ಬಟ್ಟೆಯ ಮೇಲಿಟ್ಟ.

"ಎರಡು. ಹಿಂದುಗಡೆ ಬರೆದಿದೆಯಲ್ಲ."

"ಒಂದಕ್ಕೆ ಎರಡು. ಅದು ಗೊತ್ತು ಮೇಡಂ. ಒಟ್ಟು ಎಷ್ಟು ನಾಣ್ಯ ಹೊಡೆದಿದೀರಿ?"

"ಹತ್ತು ಲಕ್ಷ."

ಉಲ್ಟಣ್ಣ ಕೇಳದೆಯೇ ಕುರ್ಚಿಯಲ್ಲಿ ಕುಸಿದ. ಅಧಿಕಾರಿ ಬಿಸಿನೀರಿನ ಲೋಟವನ್ನು ಅವನ ಕಡೆ ತಳ್ಳಿದರು.

"ಅಷ್ಟೆಲ್ಲ ಬೇಡ ಮೇಡಂ," ಎಂದ ಅವನು, ಒಂದು ಗುಟುಕು ಕುಡಿದು. "ನನ್ನದು ಸಣ್ಣ ಸಂಸಾರ. ನ್ಯಾಯವಾಗಿ ಏನಿದೆಯೋ ಕೊಟ್ಬಿಡಿ."

"ಯಾಕೆ ಕೊಡ್ಬೇಕು?"

"ಮುಖ ನಂದಲ್ವಾ?"

ಅಧಿಕಾರಿ ಅವನ ಮುಖ ನೋಡಿದರು. ಭೂತಗನ್ನಡಿ ತೆಗೆದುಕೊಂಡು ನಾಣ್ಯ ನೋಡಿದರು. ಅದೇ ಭೂತಗನ್ನಡಿಯಲ್ಲಿ ಮತ್ತೆ ಅವನ ಮುಖ ನೋಡಿದರು. ಆ ಹೆಂಗಸು ನಗಲಿಲ್ಲ ಎಂದು ಉಲ್ಟಣ್ಣ ಇವತ್ತಿಗೂ ಕೃತಜ್ಞತೆಯಿಂದ ನೆನೆಯುತ್ತಾನೆ. ಆಕೆ ಡ್ರಾಯರಿನಿಂದ ನಾಣ್ಯದ ದೊಡ್ಡ ಚಿತ್ರವೊಂದನ್ನು ತೆಗೆದು ಅವನ ಮುಂದಿಟ್ಟರು. ಅಂಗೈ ಅಗಲದ ಚಿತ್ರದಲ್ಲಿ ಎಲ್ಲ ಸ್ಪಷ್ಟವಾಗಿತ್ತು.

"ಇದು ಚೀಲದ ಪಟ್ಟಿ ಅಂದ್ಕೊಂಡ್ರಾ? ಅಲ್ಲ, ಜಡೆ. ಇದು ಕಿವಿಯೋಲೆ. ಸಮಾವೇಶಕ್ಕೆ ಬಂದ ಯಾತ್ರಿಕ ಹುಡುಗಿ ಅಂತ ಕಲಾವಿದರು ಕಲ್ಪಿಸಿ ಬರೆದ ಚಿತ್ರ. ಯಾರ ಫೋಟೋನೂ ಅಲ್ಲ."

"ಮಚ್ಚೆ ಮೇಡಂ?"

"ಅದು ಮಚ್ಚೆ ಅಲ್ಲಪ್ಪಾ, ಟಂಕಸಾಲೆಯ ಗುರುತು. ಯಾವ ಟಂಕಸಾಲೇಲಿ ಅಚ್ಚಾಯ್ತು ಅಂತ ತಿಳೀಲಿ ಅಂತ ಒಂದು ಚುಕ್ಕಿ ಇಡ್ತಾರೆ. ಮುಖಬೆಲೆ ಅಂದ್ರೂ ನಾಣ್ಯದ ಬೆಲೆ ಅಷ್ಟೇ, ಮುಖದ ಬೆಲೆ ಅಲ್ಲ." ಮೃದುವಾಗಿ ಸೇರಿಸಿದರು: "ಬೇಜಾರು ಮಾಡ್ಕೋಬೇಡಿ. ಇದು ನಾನೇ ಅಂತ ಹೇಳ್ಕೊಂಡು ಮುಂಚೆಯೂ ಒಬ್ಬಿಬ್ಬರು ಬಂದಿದ್ರು. ಗಂಡಸರಲ್ಲಿ ನೀವೇ ಮೊದಲು."

ಉಲ್ಟಣ್ಣ ಹೊರಗೆ ಬಂದಾಗ ಮಾವ ಕಾವಲಿನವನಿಗೆ ನಿಯಮ ಕಲಿಸಿ ಮುಗಿಸಿದ್ದರು.

"ಏನಂದ್ರು?"

ಅಳಿಯನ ಬಾಯಲ್ಲಿ ನಿಜ ಇತ್ತು. 'ಮಾವ, ಅದು ನಾನಲ್ಲ, ಒಬ್ಬ ಹುಡುಗಿ' ಎಂದರೆ ಮುಗಿದುಹೋಗುತ್ತಿತ್ತು. ಆದರೆ ನಡುಬೀದಿಯಲ್ಲಿ, ಕಾವಲಿನವನ ಎದುರಿಗೆ, ಹೆಣ್ಣು ಕೊಟ್ಟ ಮಾವನಿಗೆ 'ನಾನು ಹುಡುಗಿ' ಎಂಬ ವಿಷಯವನ್ನು ಹೇಗೆ ತಾನೇ ಶುರು ಮಾಡುವುದು?

"ಬೇಡ ಅಂದೆ ಮಾವ," ಎಂದುಬಿಟ್ಟ.

"ಏನು ಬೇಡ ಅಂದ್ರಿ?"

"ಎಲ್ಲಾನೂ. ಹತ್ತು ಲಕ್ಷ ನಾಣ್ಯ ಹೊಡೆದಿದಾರಂತೆ."

"ಹತ್ತು ಲಕ್ಷದ್ದೂ?"

"ಹೂಂ."

ಮಾವ ಬ್ಯಾಂಕಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅಳಿಯ ಮೂರ್ಖ ಎಂದು ಹೇಳಿಕೊಂಡರೆ ಹೆಣ್ಣು ಕೊಟ್ಟವರ ಮರ್ಯಾದೆ ಹೋಗುತ್ತದೆ. ಮೂರ್ಖನಲ್ಲ ಎಂದರೆ ಬೇರೆ ಏನೋ ಆಗಬೇಕು. ಯೋಚಿಸಿ ಯೋಚಿಸಿ, ಮನೆ ತಲುಪುವ ಹೊತ್ತಿಗೆ ಅವರಿಗೆ ಸರಿಯಾದ ಪದ ಸಿಕ್ಕಿತ್ತು.

"ತ್ಯಾಗಿ!" ಎಂದು ಬೀದಿಯ ಮೊದಲ ಮನೆಯಿಂದಲೇ ಶುರು ಮಾಡಿದರು. "ನಮ್ಮಳಿಯ ತ್ಯಾಗಿ ಕಣ್ರೀ! ಬ್ಯಾಂಕಿನವರು ಕೈ ಮುಗಿದು ಕೊಡ್ತೀವಿ ಅಂದ್ರೆ, ದೇವರ ಕೆಲಸಕ್ಕೆ ಮುಖ ಕೊಟ್ಟೆ, ಬೆಲೆ ತಗೊಳಲ್ಲ ಅಂದ್ಬಿಟ್ಟ!"

ಉಲ್ಟಣ್ಣ ಹಿಂದೆ ನಿಂತು, "ಹಾಗೇನಿಲ್ಲ, ಹಾಗೇನಿಲ್ಲ," ಎಂದು ಬೆವರೊರೆಸಿಕೊಳ್ಳುತ್ತಿದ್ದ. ಈ ಸಲ ನಗಲಿಲ್ಲ. ತ್ಯಾಗಿಗಳು ನಗುವುದಿಲ್ಲ ಎಂದು ಜನ ಇನ್ನಷ್ಟು ಮೆಚ್ಚಿದರು.

ಇದರ ಫಲ ಎಲ್ಲಿ ಬಿತ್ತು ನೋಡಿ. ಮುಂದಿನ ಭಾನುವಾರ ತಂಗಿಯ ಗಂಡ ಸಿಹಿ ಹಿಡಿದುಕೊಂಡು ಬಂದ. ಉಲ್ಟಣ್ಣನನ್ನು ಈ ಸಲ ಕೆಳಗಿನಿಂದ ಮೇಲಕ್ಕೆ ಮಾತ್ರ ನೋಡಿದ. ಮೇಲೆ ಹೋದ ದೃಷ್ಟಿ ಕೆಳಗೆ ಇಳಿಯಲಿಲ್ಲ.

"ಭಾವ, ಮಗುವಿಗೆ ನೀವೇ ಜ್ಞಾನತಂದೆ ಆಗ್ಬೇಕು. ಇಲ್ಲ ಅನ್ಬೇಡಿ. ನಮ್ಮ ಅಣ್ಣನಿಗೆ ಹೇಳಿ ಆಯ್ತು. ನಮ್ಮ ಆಫೀಸಿನ ದೊಡ್ಡವರೆಲ್ಲಾ ಬರ್ತಿದಾರೆ, ಆ ನಾಣ್ಯ ಕೋಟಿಗೆ ಸಿಕ್ಕಿಸ್ಕೊಂಡು ಬಂದ್ಬಿಡಿ."

ಕಾರ್ಡೂ ಅಚ್ಚಾಗಿತ್ತು. ಅದರಲ್ಲಿ ಮಗುವಿನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ 'ಜ್ಞಾನತಂದೆ: ಸ್ಮರಣಾರ್ಥ ನಾಣ್ಯದಲ್ಲಿ ಕಂಗೊಳಿಸುತ್ತಿರುವ ತ್ಯಾಗಜೀವಿ' ಎಂದಿತ್ತು. ಡೆಂಟಿಸ್ಟರಿಗೆ ಬೇಸರವಾಗದಿರಲಿ ಎಂದು ಅವರ ಹೆಂಡತಿಯನ್ನು ಜ್ಞಾನತಾಯಿ ಮಾಡಿದ್ದರು.

ಉಲ್ಟಣ್ಣ ಕಾರ್ಡನ್ನು ಕಣ್ಣಿಗೊತ್ತಿಕೊಂಡ. ತಂಗಿಯ ಗಂಡ ಹೋದ ಮೇಲೆ ಬಾಗಿಲು ಹಾಕಿ, ಹೆಂಡತಿಯ ಮುಂದೆ ಎಲ್ಲ ಕಕ್ಕಿದ. ಆಕೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು.

"ಆ ಗದ್ದ ನೋಡಿದಾಗಲೇ ಅಂದ್ಕೊಂಡೆ. ನಿಮಗೆಲ್ಲಿಂದ ಬರ್ಬೇಕು ಅಂಥ ಚೆಂದದ ಗದ್ದ!"

"ನಗಬೇಡ ಕಣೇ. ಹೇಳಿದ್ರೆ ಮಗು ಕೈತಪ್ಪುತ್ತೆ. ಹೇಳದಿದ್ರೆ... ದೇವರ ಮುಂದೆ ಆ ಮಗೂನ ಹೇಗೆ ಎತ್ಕೊಳ್ಳಲಿ?"

"ಫಾದರ್ ಕೇಳಿದಾಗ ಪುಸ್ತಕದಲ್ಲಿರೋ ಉತ್ತರ ಹೇಳಿ ಬನ್ನಿ. ಎಲ್ಲರೂ ಹಾಗೇ ಮಾಡೋದು," ಎಂದಳು ಹೆಂಡತಿ. ಅವನ ಮುಖ ನೋಡಿ ನಗು ನಿಲ್ಲಿಸಿದಳು. "ಇಲ್ಲ, ನಿಮ್ಮ ಕೈಲಿ ಆಗಲ್ಲ. ನನಗೆ ಗೊತ್ತು."

ಜ್ಞಾನಸ್ನಾನದ ಭಾನುವಾರ ಚರ್ಚು ತುಂಬಿತ್ತು. ಬೀದಿಯವರು ಒಂದು ಕಡೆ, ಲಿಫ್ಟ್ ಕಂಪನಿಯ ಕೋಟಿನವರು ಇನ್ನೊಂದು ಕಡೆ. ಮುಂದಿನ ಸಾಲಿನಲ್ಲಿ ಮಾವ ಬಂದವರಿಗೆಲ್ಲ ಒಂದೊಂದು ನಾಣ್ಯ ತೋರಿಸಿ ವಾಪಸು ತೆಗೆದುಕೊಳ್ಳುತ್ತಿದ್ದರು. ಉಲ್ಟಣ್ಣ ಇಸ್ತ್ರಿ ಮಾಡಿದ ಕೋಟಿನಲ್ಲಿ, ಎದೆಯ ಮೇಲೆ ನಾಣ್ಯ ಸಿಕ್ಕಿಸಿಕೊಂಡು, ತಂಗಿಯ ಪಕ್ಕ ನಿಂತಿದ್ದ. ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗು ತಾಯಿಯ ಕೈಯಲ್ಲಿತ್ತು. ಅದು ಅವನನ್ನೇ ನೋಡುತ್ತಿತ್ತು.

ಫಾದರಿಗೆ ವಯಸ್ಸಾಗಿತ್ತು, ಮುಂದೆ ಒಂದು ಮದುವೆಯೂ ಇತ್ತು. ಈ ಪ್ರಶ್ನೆಗಳನ್ನು ಎಷ್ಟು ಸಾವಿರ ಸಲ ಕೇಳಿದ್ದರೋ, ಪುಸ್ತಕ ನೋಡದೆ, ಉತ್ತರಕ್ಕೂ ಪೂರ್ತಿ ಕಾಯದೆ ಕೇಳುತ್ತ ಹೋದರು.

"ಸೈತಾನನನ್ನು ತ್ಯಜಿಸುತ್ತೀರಾ?"

"ತ್ಯಜಿಸುತ್ತೇನೆ," ಎಂದರು ಅಪ್ಪ, ಅಮ್ಮ, ಜ್ಞಾನತಾಯಿ, ಉಲ್ಟಣ್ಣ, ಎಲ್ಲರೂ ಒಟ್ಟಿಗೆ.

"ಅವನ ಎಲ್ಲ ಕೃತ್ಯಗಳನ್ನು ತ್ಯಜಿಸುತ್ತೀರಾ?"

"ತ್ಯಜಿಸುತ್ತೇನೆ."

"ಅವನ ಎಲ್ಲ ಪೊಳ್ಳು ಆಡಂಬರಗಳನ್ನು ತ್ಯಜಿಸುತ್ತೀರಾ?"

"ತ್ಯಜಿಸುತ್ತೇ..." ಎಂದು ಶುರುವಾದ ಧ್ವನಿಗಳ ನಡುವೆ ಒಂದು ಕೈ ಮೇಲೆದ್ದಿತು.

"ಫಾದರ್, ಒಂದು ನಿಮಿಷ," ಎಂದ ಉಲ್ಟಣ್ಣ.

ಫಾದರ್ ಪುಟ ತಿರುಗಿಸುತ್ತಿದ್ದವರು ನಿಂತರು. "ಏನಪ್ಪಾ? ಕೇಳಿಸಲಿಲ್ವಾ?"

"ಕೇಳಿಸ್ತು ಫಾದರ್. ಸೈತಾನನ್ನ ಬಿಟ್ಟೆ. ಅವನ ಕೆಲಸಾನೂ ಬಿಟ್ಟೆ. ಈ ಮೂರನೇದು ಇನ್ನೂ ನನ್ನ ಹತ್ರ ಒಂದಿದೆ. ಬಿಡದೇನೇ ಬಿಟ್ಟೆ ಅಂದ್ರೆ ಮಗೂಗೆ ತಾಗುತ್ತೇನೋ." ಎದೆಯ ಮೇಲಿನ ನಾಣ್ಯವನ್ನು ಕಿತ್ತ. ಕೋಟಿನ ದಾರವೂ ಜೊತೆಗೇ ಬಂತು. "ಇದರಲ್ಲಿರೋದು ನಾನಲ್ಲ. ಒಂದು ಹುಡುಗಿ. ಮಚ್ಚೆ ಅಲ್ಲ, ಟಂಕಸಾಲೆ ಗುರುತು. ಬ್ಯಾಂಕಿನವರು ನನಗೇನೂ ಕೊಡ್ತೀನಿ ಅನ್ಲಿಲ್ಲ, ನಾನೇನೂ ಬೇಡ ಅನ್ಲಿಲ್ಲ. ಬಿಸಿನೀರು ಕೊಟ್ರು, ಅದನ್ನ ಕುಡಿದೆ."

ಚರ್ಚಿನಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತು. ಬಿದ್ದದ್ದು ಸೂಜಿಯಲ್ಲ, ಮಾವನ ಕೈಯಲ್ಲಿದ್ದ ನಾಣ್ಯಗಳು. ಅವು ಬೆಂಚುಗಳ ಕೆಳಗೆ ಉರುಳಿಹೋದವು.

"ಹುಡುಗೀನಾ!" ಎಂದು ಹಿಂದಿನಿಂದ ಸಲೂನಿನವನು ಅರಚಿದ. "ನಾನು 'ಹುಡುಗಿ' ಮೂಗಿಗಾ ಕತ್ತಿ ಹಿಡಿದದ್ದು?"

ತಂಗಿಯ ಗಂಡನ ಮುಖ ಕೆಂಪಾಯಿತು. ಕೋಟಿನವರ ಕಡೆ ಒಮ್ಮೆ ನೋಡಿ, ಹಲ್ಲು ಕಚ್ಚಿಕೊಂಡು, "ಅಣ್ಣಾ, ಬಾ ಈ ಕಡೆ. ಫಾದರ್, ಇವರು ಬೇಡ. ನಮ್ಮಣ್ಣ ಇದಾನೆ. ಓದಿದವನು," ಎಂದ.

ಡೆಂಟಿಸ್ಟರು ಕಾಲರ್ ಸರಿಮಾಡಿಕೊಂಡು ಗಂಭೀರವಾಗಿ ಮುಂದೆ ಬಂದರು. ಉಲ್ಟಣ್ಣ ಎರಡು ಹೆಜ್ಜೆ ಹಿಂದೆ ಸರಿದ. ಅವನ ಕಣ್ಣು ಮಗುವಿನ ಮೇಲೇ ಇತ್ತು. ಅದನ್ನು ನೋಡಲು ನನಗೆ ಆಗಲಿಲ್ಲ, ಮೇಲೆ ಫ್ಯಾನ್ ನೋಡಿದೆ.

ಫಾದರ್ ಪುಸ್ತಕವನ್ನು ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. ಅವರಿಗೆ ಈಗ ಯಾವ ಅವಸರವೂ ಇದ್ದಂತೆ ಕಾಣಲಿಲ್ಲ. ಕನ್ನಡಕ ಒರೆಸಿ ಹಾಕಿಕೊಂಡು, ಡೆಂಟಿಸ್ಟರನ್ನೇ ನೋಡುತ್ತ, ಒಂದೊಂದೇ ಪದ ಬಿಡಿಸಿ ಕೇಳಿದರು:

"ಸೈತಾನನ. ಎಲ್ಲ. ಪೊಳ್ಳು. ಆಡಂಬರಗಳನ್ನು. ತ್ಯಜಿಸುತ್ತೀರಾ ಡಾಕ್ಟರೇ?"

ಡೆಂಟಿಸ್ಟರು ಬಾಯಿ ತೆರೆದರು. ಅವರ ಕ್ಲಿನಿಕ್ಕಿನ ಬೋರ್ಡಿನ ಮೇಲೆ ಹೆಸರಿಗಿಂತ ಉದ್ದದ ಪದವಿಗಳಿದ್ದವು. ಕೊನೆಯ ಎರಡು ಯಾವ ದೇಶದವು ಎಂದು ಈವರೆಗೆ ಯಾರೂ ಕೇಳಿರಲಿಲ್ಲ. ಪಕ್ಕದಲ್ಲೇ ನಿಂತಿದ್ದ ಅವರ ಹೆಂಡತಿ ಕತ್ತು ತಿರುಗಿಸಿ, ಗಂಡ ಏನು ಹೇಳುತ್ತಾನೋ ಎಂದು ಬಲು ಆಸಕ್ತಿಯಿಂದ ನೋಡಿದಳು. ಡೆಂಟಿಸ್ಟರು ಬಾಯಿ ಮುಚ್ಚಿದರು.

"ನೀವು?" ಎಂದರು ಫಾದರ್, ಮಗುವಿನ ಅಪ್ಪನಿಗೆ.

ಲಿಫ್ಟ್ ಇನ್ಸ್‌ಪೆಕ್ಟರ್ ಕೋಟಿನವರನ್ನು ನೋಡಿದ, ಅಚ್ಚು ಹಾಕಿಸಿದ ಕಾರ್ಡು ನೋಡಿದ, ಕೊನೆಗೆ ತನ್ನ ಬೂಟು ನೋಡಿದ. ಫಾದರ್ ತಲೆಯೆತ್ತಿ ಸುಮ್ಮನೆ ಚರ್ಚನ್ನೆಲ್ಲ ಒಮ್ಮೆ ನೋಡಿದರು. ಅವರ ದೃಷ್ಟಿ ಬಂದ ಕಡೆಯಲ್ಲೆಲ್ಲ ಜನ ಬಗ್ಗಿ ಮಾವನ ನಾಣ್ಯ ಹುಡುಕತೊಡಗಿದರು. ನಾನೂ ಹುಡುಕಿದೆ.

"ನೀನೇನಮ್ಮಾ?" ಎಂದು ಫಾದರ್ ಕೊನೆಗೆ ತಂಗಿಯನ್ನು ಕೇಳಿದರು. "ತಾಯಿ ನೀನು. ಎಲ್ಲ ತ್ಯಜಿಸ್ತೀಯಾ?"

"ತ್ಯಜಿಸ್ತೀನಿ ಫಾದರ್," ಎಂದಳು ತಂಗಿ. ಕೊನೆಯ ಬೆಂಚಿನವರೆಗೂ ಕೇಳಿಸಿತು. "ಆ ನಾಣ್ಯ, ಈ ಕಾರ್ಡು, ಎಲ್ಲಾನೂ ತ್ಯಜಿಸ್ತೀನಿ. ಬೇಕಿದ್ರೆ ಇವರನ್ನೂ." ಗಂಡನ ಕಡೆ ಗದ್ದ ಎತ್ತಿ ತೋರಿಸಿದಳು. "ನಮ್ಮಣ್ಣನ್ನ ಮಾತ್ರ ತ್ಯಜಿಸು ಅನ್ಬೇಡಿ."

ಎಂದು, ಡೆಂಟಿಸ್ಟರನ್ನು ಬಳಸಿಕೊಂಡು ಹೋಗಿ, ಮಗುವನ್ನು ಉಲ್ಟಣ್ಣನ ತೋಳಿಗೆ ಹಾಕಿದಳು.

ಉಲ್ಟಣ್ಣನ ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ಕೈಯಲ್ಲಿದ್ದ ನಾಣ್ಯವನ್ನು ಎಲ್ಲಿಡುವುದು ತಿಳಿಯದೆ ಕಾಣಿಕೆ ಡಬ್ಬಿಗೆ ಹಾಕಿದ. "ಈಗ ಬಿಟ್ಟೆ ಫಾದರ್," ಎಂದ. "ತ್ಯಜಿಸುತ್ತೇನೆ."

"ಇಷ್ಟು ವರ್ಷದಲ್ಲಿ ಈ ಪ್ರಶ್ನೆಗೆ ಯೋಚನೆ ಮಾಡಿ ಉತ್ತರ ಹೇಳಿದವನು ನೀನೊಬ್ಬನೇ ಕಣಪ್ಪಾ," ಎಂದರು ಫಾದರ್. ಅಲ್ಲಿಂದ ಮುಂದೆ ಒಂದು ಮಾತನ್ನೂ ನುಂಗದೆ, ಇರುವ ಪ್ರಾರ್ಥನೆಯನ್ನೆಲ್ಲ ನಿಧಾನವಾಗಿ ಹೇಳಿದರು. ಹೊರಗೆ ಮದುವೆಯ ಗಂಡು ಕಾಯುತ್ತ ನಿಂತಿದ್ದ. ಎಲ್ಲ ಮುಗಿಸಿ ನೀರಿನ ಪಾತ್ರೆ ಎತ್ತಿಕೊಂಡು, "ಎಲ್ಲಿ, ತಲೆ ಸ್ವಲ್ಪ ಬಗ್ಗಿಸಪ್ಪಾ," ಎಂದರು.

ಉಲ್ಟಣ್ಣ ಬಲು ಭಕ್ತಿಯಿಂದ ತನ್ನ ತಲೆ ಬಗ್ಗಿಸಿದ. ಮೊದಲ ನೀರು ಅವನಿಗೇ ಬಿತ್ತು. ಮಗುವಿಗೆ ಬಿದ್ದದ್ದು ಎರಡನೆಯದು.